ಇಯರ್‌ಬಡ್ಡಿನ ಆಯ್ಕೆ ಮತ್ತು ಕಿವಿಯ ಹಿತ

ನಾಲವಾರದ ರೈಲು ನಿಲ್ದಾಣದಲ್ಲಿ ವಾಡಿಯ ಕಡೆಯ ಗಾಡಿಗಾಗಿ ಕಾದು ನಿಂತ ವಿದ್ಯಾರ್ಥಿಗಳನ್ನು ಗಮನಿಸಿದರೆ, ಅವರಲ್ಲಿ ಅನೇಕರ ಕಿವಿಯಲ್ಲಿ ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದಾದ, ತಂತಿಯಿಲ್ಲದ ಇಯರ್‌ಬಡ್‌ಗಳು ಕಾಣುತ್ತವೆ. ವಾಡಿ, ಶಹಾಬಾದ, ಕಲಬುರಗಿಗಳ ಕಾಲೇಜುಗಳಿಗೆ ಹೋಗಿ ಬರುವ ಈ ತರುಣರಿಗೆ ದಾರಿಯ ಬೇಸರವನ್ನು ಕಳೆಯಲು ಇದಕ್ಕಿಂತ ಅನುಕೂಲವಾದ ಸಾಧನ ಇನ್ನೊಂದಿಲ್ಲ. ಭೌತವಿಜ್ಞಾನದ ಪಾಠ ಹೇಳುವವನೆಂಬ ಕಾರಣದಿಂದ ನನಗೆ ಅವರು ಮೇಲಿಂದ ಮೇಲೆ ಹಾಕುವ ಪ್ರಶ್ನೆಯೊಂದಿದೆ: ಯಾವ ಇಯರ್‌ಬಡ್ ಒಳ್ಳೆಯದು?

ಪ್ರಶ್ನೆ ಸರಳವಾಗಿದೆ, ಉತ್ತರ ಮಾತ್ರ ಅಷ್ಟು ಸರಳವಲ್ಲ. ಮಾರುವವರು ನಮ್ಮ ಮುಂದೆ ಮೂರು ಅಂಕಣಗಳನ್ನು ಇಡುತ್ತಾರೆ. ಧ್ವನಿ ಹೇಗಿದೆ, ಕಿವಿಗೆ ಎಷ್ಟು ಹಿತವಾಗಿದೆ, ಬ್ಯಾಟರಿ ಎಷ್ಟು ಗಂಟೆ ನಡೆಯುತ್ತದೆ. ಈ ಮೂರಕ್ಕೂ ಬೇರೆ ಬೇರೆಯಾಗಿ ಅಂಕ ಕೊಟ್ಟು ಕೂಡಿಸಿದರೆ ಆಯ್ಕೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ಈ ಕ್ರಮವೇ ತಪ್ಪೆಂದು ನನ್ನ ಅಭಿಪ್ರಾಯ. ಇಯರ್‌ಬಡ್ ಕಿವಿಯಲ್ಲಿ ಸರಿಯಾಗಿ ಕೂಡದಿದ್ದರೆ ಧ್ವನಿಯೂ ಇಲ್ಲ, ಹಿತವೂ ಇಲ್ಲ. ಕಿವಿಗೆ ಅಪಾಯ ಮಾತ್ರ ಉಂಟು. ಆದ್ದರಿಂದ ಕೂಡುವಿಕೆಯಿಂದಲೇ ವಿಚಾರವನ್ನು ಆರಂಭಿಸತಕ್ಕದ್ದು.

ಇಯರ್‌ಬಡ್ಡಿನ ಒಳಗೆ ಒಂದು ತೆಳುವಾದ ಪೊರೆಯಿದೆ. ಅದಕ್ಕೆ ಅಂಟಿಸಿದ ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿದಾಗ, ಪಕ್ಕದ ಅಯಸ್ಕಾಂತದ ಪ್ರಭಾವದಿಂದ ಪೊರೆಯು ಹಿಂದಕ್ಕೂ ಮುಂದಕ್ಕೂ ಕದಲುತ್ತದೆ. ದೊಡ್ಡ ಸ್ಪೀಕರಿನಲ್ಲಿಯೂ ನಡೆಯುವುದು ಇದೇ. ಆದರೆ ಸಭೆಗೆ ಕೇಳಿಸುವ ಸ್ಪೀಕರು ವಿಶಾಲವಾದ ಬಯಲಿನ ಗಾಳಿಯನ್ನು ನೂಕಬೇಕು. ಇಯರ್‌ಬಡ್ ನೂಕಬೇಕಾದುದು ಕರ್ಣನಾಳದಲ್ಲಿ ಸಿಕ್ಕಿಬಿದ್ದ ಒಂದೆರಡು ಘನ ಸೆಂಟಿಮೀಟರ್ ಗಾಳಿಯನ್ನು ಮಾತ್ರ. ಇಲ್ಲಿ ಬಾಯ್ಲನ ನಿಯಮವನ್ನು ನೆನೆಯಿರಿ. ಮುಚ್ಚಿದ ಪಾತ್ರೆಯಲ್ಲಿನ ಗಾಳಿಯ ಗಾತ್ರವನ್ನು ಸ್ವಲ್ಪ ಕುಗ್ಗಿಸಿದರೂ ಒತ್ತಡ ಏರುತ್ತದೆ. ಹಾಗೆಂದೇ ಉಗುರಿನಷ್ಟು ಅಗಲದ ಪೊರೆಯೂ ಮಂದ್ರಸ್ವರಗಳನ್ನು ತುಂಬಿಕೊಡಬಲ್ಲದು. ಪಾತ್ರೆಗೆ ತೂತು ಬಿದ್ದರೆ ಏನಾಗುವುದು? ಮಂದ್ರಸ್ವರದಲ್ಲಿ ಪೊರೆಯ ಚಲನೆ ನಿಧಾನವಾದದ್ದರಿಂದ ಗಾಳಿಗೆ ಸೋರಿಹೋಗಲು ಸಮಯ ಸಿಗುತ್ತದೆ. ಒತ್ತಡ ಏಳುವುದೇ ಇಲ್ಲ. ತಾರಸ್ವರಗಳು ಉಳಿಯುತ್ತವೆ, ತಬಲಾ ಜೋಡಿಯ ಡಗ್ಗಾದ ಗುಂಕಾರ ಮಾಯವಾಗುತ್ತದೆ.

ನನ್ನ ವಿದ್ಯಾರ್ಥಿಯೊಬ್ಬನು ಹೊಸ ಇಯರ್‌ಬಡ್ ಕೊಂಡು ಎರಡೇ ದಿನದಲ್ಲಿ ಅಸಮಾಧಾನದಿಂದ ಬಂದನು. "ಸರ್, ದೋಸ್ತನ ಕಿವ್ಯಾಗ ಬೇಸ್ ಭಾಳ ಛಲೋ ಬರ್ತದರಿ, ನನಗ ಬರೇ ಚೀಂವ್ ಅಂತದ" ಎಂಬುದು ಅವನ ದೂರು. ಪೆಟ್ಟಿಗೆಯಲ್ಲಿ ಮೂರು ಅಳತೆಯ ಸಿಲಿಕೋನ್ ತುದಿಗಳು ಇದ್ದುವು. ಕಾರ್ಖಾನೆಯಲ್ಲಿ ಹಾಕಿ ಕಳಿಸಿದ ನಡುವಣ ಅಳತೆಯನ್ನೇ ಅವನು ಬಳಸುತ್ತಿದ್ದನು. ದೊಡ್ಡ ತುದಿಗಳನ್ನು ಹಾಕಿಸಿದೆವು. ಎಡಕಿವಿಗೆ ಅದು ಸರಿಹೋಯಿತು, ಬಲಕಿವಿಗೆ ಬಿಗಿಯಾಯಿತು. ಕೊನೆಗೆ ಎಡಕ್ಕೆ ದೊಡ್ಡದು, ಬಲಕ್ಕೆ ನಡುವಣದು ಎಂದು ನಿಶ್ಚಯವಾಯಿತು. ಮನುಷ್ಯನ ಎರಡು ಕಿವಿಗಳು ಒಂದೇ ಅಳತೆಯವಾಗಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ. ಖರ್ಚಿಲ್ಲದೆ ಬೇಸ್ ಬಂದಿತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ರೈಲಿನಲ್ಲಿ ಅವನು ಫೋನಿನ ಧ್ವನಿಯನ್ನು ಹದಿನೈದು ಮೆಟ್ಟಿಲುಗಳಲ್ಲಿ ಹದಿಮೂರಕ್ಕೆ ಇಡುತ್ತಿದ್ದವನು ಎಂಟಕ್ಕೆ ಇಳಿಸಿದನು.

ಆ ಐದು ಮೆಟ್ಟಿಲುಗಳ ಬೆಲೆಯೇನೆಂಬುದನ್ನು ಲೆಕ್ಕ ಹಾಕಿ ನೋಡೋಣ. ಕಿಟಕಿ ತೆರೆದ ಬೋಗಿಯಲ್ಲಿ ಗಾಡಿ ವೇಗವಾಗಿ ಓಡುವಾಗ ನನ್ನ ಫೋನು ೭೫ರಿಂದ ೮೫ ಡೆಸಿಬೆಲ್‌ಗಳ ನಡುವಿನ ಶಬ್ದವನ್ನು ತೋರಿಸಿತು. ಫೋನಿನ ಅಳತೆ ಪ್ರಯೋಗಶಾಲೆಯ ಅಳತೆಯಲ್ಲ. ಆದರೂ ನಮ್ಮ ಕೆಲಸಕ್ಕೆ ಸಾಕು. ಕಿವಿಯನ್ನು ಮುಚ್ಚದೆ ಹೊರಗಿವಿಯ ಬಟ್ಟಲಿನಲ್ಲಿ ತೂಗುವ ಮಾದರಿಯ ಇಯರ್‌ಬಡ್ಡಿನಲ್ಲಿ ಈ ಗದ್ದಲವೆಲ್ಲ ಒಳಗೆ ಬರುತ್ತದೆ. ಹಾಡು ಸ್ಪಷ್ಟವಾಗಿ ಕೇಳಬೇಕಾದರೆ ಅದು ಗದ್ದಲಕ್ಕಿಂತ ಮೇಲಿರಬೇಕು. ಕೇಳುಗನು ತನಗೆ ತಿಳಿಯದೆಯೇ ೮೬, ೮೯ ಡೆಸಿಬೆಲ್‌ಗಳಿಗೆ ಏರಿಬಿಡುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ ೨೦೧೯ರಲ್ಲಿ ಪ್ರಕಟಿಸಿದ ಸುರಕ್ಷಿತ ಆಲಿಸುವಿಕೆಯ ಮಾನಕದ ಪ್ರಕಾರ ವಯಸ್ಕರಿಗೆ ವಾರಕ್ಕೆ ೪೦ ಗಂಟೆಗಳವರೆಗೆ ೮೦ ಡೆಸಿಬೆಲ್ ಮಿತಿ. ಮಕ್ಕಳಿಗೆ ಅದು ೭೫ ಮಾತ್ರ. ಮೂರು ಡೆಸಿಬೆಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಇಮ್ಮಡಿಯಾಗುತ್ತದೆ. ಆದಕಾರಣ ಕಾಲಾವಧಿ ಅರ್ಧವಾಗಬೇಕು. ೮೩ಕ್ಕೆ ೨೦ ಗಂಟೆ, ೮೬ಕ್ಕೆ ೧೦ ಗಂಟೆ, ೮೯ಕ್ಕೆ ೫ ಗಂಟೆ. ದಿನಕ್ಕೆ ಎರಡು ಗಂಟೆಯಂತೆ ವಾರದ ಆರು ದಿನ ಪ್ರಯಾಣ ಮಾಡುವವನಿಗೆ ಹನ್ನೆರಡು ಗಂಟೆಗಳಾದುವು. ೮೬ರಲ್ಲಿ ಕೇಳುವವನು ಶನಿವಾರದ ಹೊತ್ತಿಗೆ ತನ್ನ ಪಾಲನ್ನು ಮೀರಿರುತ್ತಾನೆ. ೮೯ರಲ್ಲಿ ಕೇಳುವವನು ಬುಧವಾರವೇ.

ನಮ್ಮ ಪ್ರದೇಶದಲ್ಲಿ ಗದ್ದಲದ ಪರಿಚಯ ಇಲ್ಲದವರು ಯಾರು? ವಾಡಿಯಲ್ಲಿ, ಸೇಡಂ ತಾಲ್ಲೂಕಿನಲ್ಲಿ ಸಿಮೆಂಟಿನ ಕಾರ್ಖಾನೆಗಳು. ಶಹಾಬಾದದ ಸುತ್ತ ಕಲ್ಲು ಕೊಯ್ಯುವ, ನಯಮಾಡುವ ಯಂತ್ರಗಳು. ಇವುಗಳ ನಡುವೆ ದುಡಿಯುವವರ ಕಿವಿಗಾಗಿ ನಮ್ಮ ದೇಶದಲ್ಲಿ ಮಾದರಿ ನಿಯಮಗಳಿವೆ. ಎಂಟು ಗಂಟೆಯ ಪಾಳಿಗೆ ೯೦ ಡೆಸಿಬೆಲ್ ಎಂದು ಅವು ಮಿತಿಯನ್ನು ಹಾಕಿವೆ. ಗರಗಸದ ಮುಂದೆ ನಿಂತ ತಂದೆಗೆ ಗದ್ದಲವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ರೈಲಿನಲ್ಲಿ ಕುಳಿತ ಮಗನಿಗೆ ಇದೆ. ಒಳಗಿವಿಯ ಶಂಖದಲ್ಲಿ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಮನುಷ್ಯನಲ್ಲಿ ಅವು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ತನ್ನ ಮೇಲೆ ಬಂದು ಬಿದ್ದದ್ದು ಗರಗಸದ ಕಿರುಚಾಟವೋ ಸುಶ್ರಾವ್ಯವಾದ ವಚನಗಾಯನವೋ ಎಂಬ ಭೇದವನ್ನು ಆ ಕೋಶ ಅರಿಯದು.

ಕಿವಿಯನ್ನು ಸರಿಯಾಗಿ ಮುಚ್ಚುವ ತುದಿಯೊಂದೇ ನಡುವಣ ಮತ್ತು ಮೇಲಣ ಆವೃತ್ತಿಗಳ ಹೊರಶಬ್ದವನ್ನು ೨೦ ಡೆಸಿಬೆಲಿನಷ್ಟು ತಗ್ಗಿಸಬಲ್ಲದು. ಗಾಲಿಗಳ ಗುಡುಗು ಮಾತ್ರ ಅದಕ್ಕೆ ಮಣಿಯುವುದಿಲ್ಲ. ಅದಕ್ಕಾಗಿ ಗದ್ದಲವನ್ನು ಗದ್ದಲದಿಂದಲೇ ಅಳಿಸುವ ಉಪಾಯ ಬಂದಿದೆ. ಹೊರಗಿನ ಶಬ್ದವನ್ನು ಪುಟ್ಟ ಮೈಕು ಗ್ರಹಿಸುತ್ತದೆ. ಆ ತರಂಗದ ಉಬ್ಬು ಇರುವಲ್ಲಿ ತಗ್ಗು, ತಗ್ಗು ಇರುವಲ್ಲಿ ಉಬ್ಬು ಇರುವ ಎದುರುತರಂಗವನ್ನು ಪೊರೆಯು ಹೊರಡಿಸುತ್ತದೆ. ಎರಡೂ ಕೂಡಿ ಶೂನ್ಯದ ಹತ್ತಿರಕ್ಕೆ ಬರುತ್ತವೆ. ಜರ್ಮನಿಯ ಪಾಲ್ ಲ್ಯೂಗ್ ಎಂಬಾತನು ಈ ತತ್ತ್ವಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ೧೯೩೬ರಲ್ಲಿ. ಬಂಗಾಳಿ ತಂದೆಯ ಮಗನಾದ ಅಮರ್ ಬೋಸ್ ಅವರು ೧೯೭೮ರಲ್ಲಿ ವಿಮಾನದಲ್ಲಿ ಪ್ರಯಾಣ ಮಾಡುತ್ತಿದ್ದಾಗ ಇದನ್ನೇ ಕುರಿತು ಲೆಕ್ಕ ಹಾಕತೊಡಗಿದರು. ಅವರ ಸಂಸ್ಥೆ ವಿಮಾನ ಚಾಲಕರಿಗಾಗಿ ಅಂಥ ಹೆಡ್‌ಸೆಟ್ಟನ್ನು ೧೯೮೯ರಲ್ಲಿ ಮಾರಾಟಕ್ಕೆ ತಂದಿತು.

ಈ ಉಪಾಯದ ಎಲ್ಲೆ ಎಲ್ಲಿದೆಯೆಂಬುದನ್ನು ನಿಮ್ಮ ಪಠ್ಯದ ಸೂತ್ರದಿಂದಲೇ ಕಾಣಬಹುದು. ಶಬ್ದವು ಒಂದು ಸೆಂಟಿಮೀಟರ್ ದೂರವನ್ನು ದಾಟಲು ಸುಮಾರು ೩೦ ಮೈಕ್ರೋಸೆಕೆಂಡು ಬೇಕು. ಎದುರುತರಂಗವು ಇಷ್ಟು ಹೊತ್ತು ತಪ್ಪಿ ಬಂದಿತೆಂದು ಇಟ್ಟುಕೊಳ್ಳಿ. ೧೦೦ ಹರ್ಟ್ಸ್ ಆವೃತ್ತಿಯ ಗುಡುಗಿಗೆ ಒಂದು ಕಂಪನದ ಅವಧಿ ೧೦,೦೦೦ ಮೈಕ್ರೋಸೆಕೆಂಡು. ಅದರ ಮುಂದೆ ೩೦ ಎಂಬುದು ಲೆಕ್ಕಕ್ಕೇ ಇಲ್ಲ. ೫,೦೦೦ ಹರ್ಟ್ಸ್ ಶಬ್ದಕ್ಕೆ ಅವಧಿಯೇ ೨೦೦ ಮೈಕ್ರೋಸೆಕೆಂಡು. ಏಳರಲ್ಲೊಂದು ಪಾಲು ತಪ್ಪಿಹೋದರೆ ಉಬ್ಬಿಗೆ ತಗ್ಗು ಕೂಡುವುದಿಲ್ಲ. ಆದುದರಿಂದಲೇ ಗಾಲಿಗಳ ಸದ್ದು ಅಡಗಿದರೂ ಚಹಾ ಮಾರುವವನ ಕೂಗು ಕೇಳುತ್ತಲೇ ಇರುತ್ತದೆ. ಕೆಳಗಿನದನ್ನು ವಿದ್ಯುನ್ಮಂಡಲವೂ ಮೇಲಿನದನ್ನು ಸಿಲಿಕೋನ್ ತುದಿಯೂ ತಡೆಯಬೇಕು. ತುದಿ ಸೋರಿದರೆ ಹೆಚ್ಚು ಹಣ ತೆತ್ತು ಕೊಂಡ ಈ ಸೌಕರ್ಯವೂ ಬಹುಮಟ್ಟಿಗೆ ವ್ಯರ್ಥ. ಇಷ್ಟು ಚೆನ್ನಾಗಿ ಕಿವಿ ಮುಚ್ಚಿದವನು ಹಳಿ ದಾಟುವಾಗಲೂ ಪ್ಲಾಟ್‌ಫಾರಂ ಅಂಚಿನಲ್ಲಿ ನಡೆಯುವಾಗಲೂ ಎರಡನ್ನೂ ತೆಗೆದು ಜೇಬಿಗೆ ಹಾಕಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಹಾಗೆ ಮಾಡದವರನ್ನು ದಿನವೂ ನೋಡುತ್ತೇನೆ.

ಕೂಡುವಿಕೆಯನ್ನು ಪರೀಕ್ಷಿಸಲು ಉಪಕರಣ ಬೇಡ. ಎರಡನ್ನೂ ಹಾಕಿಕೊಂಡು, ಹಾಡು ಹಚ್ಚದೆ, ಬಾಯಿ ಮುಚ್ಚಿ 'ಮ್' ಎಂದು ಗುನುಗಿರಿ. ನಿಮ್ಮ ದನಿ ತಲೆಯೊಳಗೆ ದಪ್ಪವಾಗಿ ಮೊಳಗಿದರೆ ಕಿವಿ ಮುಚ್ಚಿದೆಯೆಂದೇ ಅರ್ಥ. ಹಾಗೆ ಮುಚ್ಚಿಕೊಂಡು ಖಡಕ್ ರೊಟ್ಟಿ ತಿಂದರೆ ಕಲ್ಲುಗಣಿಯೇ ಬಾಯಿಗೆ ಬಂದಂತೆ ಕೇಳುತ್ತದೆ! ಮುಚ್ಚುವುದೆಂದರೆ ಒತ್ತುವುದಲ್ಲ. ಅರ್ಧ ಗಂಟೆಯಲ್ಲಿ ನೋವು ಬಂದರೆ ಆ ಅಳತೆ ನಿಮ್ಮದಲ್ಲ. ಬೇಸಗೆಯ ಬೆವರಿನಲ್ಲಿ ಗಂಟೆಗಟ್ಟಲೆ ಮುಚ್ಚಿದ ಕಿವಿಯಲ್ಲಿ ತೇವ ನಿಲ್ಲುತ್ತದೆ, ತುರಿಕೆ ಹತ್ತುತ್ತದೆ. ತುದಿಗಳನ್ನು ಕಳಚಿ ತೊಳೆದು ಒಣಗಿಸಬೇಕು, ಗೆಳೆಯರೊಡನೆ ಹಂಚಿಕೊಳ್ಳಬಾರದು.

ಬ್ಯಾಟರಿಯ ವಿಷಯದಲ್ಲಿ ಜಾಹೀರಾತಿನ ಅಂಕೆಯನ್ನು ಬಿಡಿಸಿ ಓದುವುದನ್ನು ಕಲಿಯಬೇಕು. ಒಂದು ಇಯರ್‌ಬಡ್ಡಿನೊಳಗಿನ ಲಿಥಿಯಂ ಕೋಶದ ಸಾಮರ್ಥ್ಯ ೫೦ ಮಿಲಿಆಂಪಿಯರ್-ಗಂಟೆ, ವೋಲ್ಟೇಜು ೩.೭ ಎಂದು ಇಟ್ಟುಕೊಳ್ಳಿ. ಗುಣಿಸಿದರೆ ೬೬೬ ಜೂಲ್ ಶಕ್ತಿ. ಹತ್ತು ಕಿಲೋಗ್ರಾಂ ತೂಕದ ಒಂದು ಶಹಾಬಾದ ಕಲ್ಲನ್ನು ಸುಮಾರು ಏಳು ಮೀಟರ್ ಮೇಲಕ್ಕೆ ಎತ್ತಿದರೆ ಮುಗಿದುಹೋಗುವಷ್ಟು. ಇದರಲ್ಲೇ ಆರು ಗಂಟೆ ನಡೆಯಬೇಕಾದರೆ ಸರಾಸರಿ ೩೧ ಮಿಲಿವ್ಯಾಟಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಅದರ ಬಹುಭಾಗ ರೇಡಿಯೋ ಗ್ರಾಹಕಕ್ಕೂ ಗಣಕ ಮಂಡಲಕ್ಕೂ ಹೋಗುತ್ತದೆ; ಹಿತವಾದ ಮಟ್ಟದಲ್ಲಿ ಪೊರೆಯನ್ನು ಕದಲಿಸಲು ತಗಲುವುದು ಅತ್ಯಲ್ಪ. ಗದ್ದಲ ಅಳಿಸುವ ಮಂಡಲವನ್ನು ಹಚ್ಚಿದರೆ ಅವಧಿ ತಗ್ಗುತ್ತದೆ. ಹೀಗಿರಲು ಪೆಟ್ಟಿಗೆಯ ಮೇಲಿನ '೨೪ ಗಂಟೆ' ಎಲ್ಲಿಂದ ಬಂದಿತು? ಡಬ್ಬಿಯಲ್ಲಿ ೪೦೦ ಮಿಲಿಆಂಪಿಯರ್-ಗಂಟೆಯ ಇನ್ನೊಂದು ಕೋಶವಿದೆ. ಎರಡು ಇಯರ್‌ಬಡ್‌ಗಳನ್ನು ಒಮ್ಮೆ ತುಂಬಲು ೧೦೦ ಬೇಕು. ವರ್ಗಾವಣೆಯಲ್ಲಿ ಶಾಖವಾಗಿ ಹೋಗುವ ನಷ್ಟವನ್ನು ಕಳೆದರೆ ಮೂರು ಬಾರಿ ತುಂಬಬಹುದು. ಆರು ಗಂಟೆಗೆ ಹದಿನೆಂಟನ್ನು ಕೂಡಿಸಿ ಇಪ್ಪತ್ನಾಲ್ಕು ಎಂದು ಬರೆದರು. ಕಿವಿಗೆ ಸಂಬಂಧಪಟ್ಟದ್ದು ಮೊದಲಿನ ಆರು ಮಾತ್ರ, ಅದೂ ನಡುವಣ ಧ್ವನಿಮಟ್ಟದಲ್ಲಿ, ಹೊಸದಾಗಿದ್ದಾಗ.

ಲಿಥಿಯಂ ಕೋಶಕ್ಕೆ ಮುಪ್ಪು ಬರುತ್ತದೆ. ಮೂರುನೂರರಿಂದ ಐನೂರು ಸಲ ಪೂರ್ತಿ ತುಂಬಿ ಬರಿದಾದ ಮೇಲೆ ಅದರ ಸಾಮರ್ಥ್ಯ ಸಾಮಾನ್ಯವಾಗಿ ಐದರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ. ಶಾಖವು ಈ ಮುಪ್ಪನ್ನು ಬೇಗ ತರುತ್ತದೆ. ಕಲಬುರಗಿ ಜಿಲ್ಲೆಯ ಬೇಸಗೆಯಲ್ಲಿ ನೆರಳಿನಲ್ಲೇ ೪೨ ಡಿಗ್ರಿ ದಾಟುವ ದಿನಗಳಿವೆ. ಬಿಸಿಲಿನಲ್ಲಿ ನಿಲ್ಲಿಸಿದ ಮೋಟಾರ್ ಸೈಕಲಿನ ಚೀಲದಲ್ಲಿ ಡಬ್ಬಿಯನ್ನು ಬಿಟ್ಟುಹೋಗುವವನು ಕೋಶವನ್ನು ತಾನೇ ಕೊಂದಂತೆ. ಕೋಶ ಸತ್ತರೆ, ಸಾಮಾನ್ಯವಾಗಿ, ಅಂಟಿ ಮುಚ್ಚಿದ ಆ ಚಿಪ್ಪನ್ನು ಒಡೆಯದೆ ಬದಲಾಯಿಸಲು ಬರುವುದಿಲ್ಲ. ಪೊರೆ, ಅಯಸ್ಕಾಂತ, ಮೈಕು ಎಲ್ಲವೂ ಸರಿಯಾಗಿದ್ದರೂ ಕಸಕ್ಕೆ ಹೋಗಬೇಕು. ನನ್ನ ಮಟ್ಟಿಗೆ ಈ ಸಾಧನದ ಅತಿ ದೊಡ್ಡ ದೋಷ ಇದೇ. ಇದು ಅನಿವಾರ್ಯವೇನಲ್ಲ. ಕೋಶವನ್ನು ಬಳಕೆದಾರನೇ ಬದಲಾಯಿಸಬಹುದಾದ ಇಯರ್‌ಬಡ್ಡನ್ನು ನೆದರ್ಲೆಂಡಿನ ಫೇರ್‌ಫೋನ್ ಸಂಸ್ಥೆ ೨೦೨೪ರಲ್ಲಿ ಹೊರತಂದಿದೆ.

ಬ್ಲೂಟೂತ್ ತರಂಗಗಳ ವಿಷಯ, ಕೊಡೆಕ್‌ಗಳ ವಿಷಯ ಎಂದು ಜಾಹೀರಾತುಗಳು ಪುಟ ತುಂಬಿಸುತ್ತವೆ. ಇವುಗಳ ನಡುವಿನ ವ್ಯತ್ಯಾಸ ನಿಶ್ಶಬ್ದವಾದ ಕೋಣೆಯಲ್ಲಿ ಪಳಗಿದ ಕಿವಿಗೆ ತಿಳಿದೀತು; ಓಡುವ ರೈಲಿನಲ್ಲಿ ನನಗಂತೂ ತಿಳಿದಿಲ್ಲ. ಬ್ಲೂಟೂತಿನ ೨.೪ ಗಿಗಾಹರ್ಟ್ಸ್ ಅಲೆಗಳನ್ನು ನೀರು ತುಂಬಿದ ನಮ್ಮ ಶರೀರ ಹೀರುತ್ತದೆ. ಹಾಡು ತುಂಡು ತುಂಡಾಗಿ ಬಂದರೆ ಫೋನನ್ನು ಹಿಂದಿನ ಜೇಬಿನಿಂದ ಎದೆಯ ಜೇಬಿಗೆ ಬದಲಾಯಿಸಿ ನೋಡಿ.

ತಂತಿಯ ಇಯರ್‌ಫೋನಿನ ಪರವಾಗಿಯೂ ಒಂದು ಮಾತು ಸಲ್ಲಬೇಕು. ಅದನ್ನು ತುಂಬಿಸಬೇಕಾಗಿಲ್ಲ, ಬೇಸಗೆಯಲ್ಲಿ ಅದಕ್ಕೆ ಮುಪ್ಪಿಲ್ಲ, ಸಿಲಿಕೋನ್ ತುದಿಯಿರುವುದನ್ನು ಕೊಂಡರೆ ಅಗ್ಗದ ಬೆಲೆಗೇ ಕಿವಿಯನ್ನು ಚೆನ್ನಾಗಿ ಮುಚ್ಚುತ್ತದೆ. ೨೦೧೬ರ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆಯು ತನ್ನ ಫೋನಿನಿಂದ ತಂತಿಯ ರಂಧ್ರವನ್ನು ತೆಗೆದುಹಾಕಿ, ಅದೇ ಸಮಾರಂಭದಲ್ಲಿ ತಂತಿಯಿಲ್ಲದ ಏರ್‌ಪಾಡ್ ಅನ್ನು ಪ್ರಕಟಿಸಿತು. ಅಂದಿನಿಂದ ತಂತಿ ಎಂಬುದು ಬಡತನದ ಗುರುತೆಂಬ ಭಾವನೆ ಕಾಲೇಜುಗಳಲ್ಲಿ ಬೇರೂರಿದೆ. ಫೋನಿನಲ್ಲಿ ರಂಧ್ರವಿರುವ ವಿದ್ಯಾರ್ಥಿ ಈ ಭಾವನೆಗೆ ಹಣ ತೆರಬೇಕಾದ ಕಾರಣ ನನಗೆ ಕಾಣದು.

ತಂತಿಯಿಲ್ಲದ್ದೇ ಬೇಕೆನ್ನುವವರು ಮೂರು ಅಳತೆಯ ತುದಿಗಳಿರುವುದನ್ನು ಕೊಳ್ಳಲಿ. ಸಾಧ್ಯವಾದರೆ ಗೆಳೆಯನ ಅಂಥದೇ ಜೋಡಿಯನ್ನು ತೊಳೆದ ತುದಿಗಳೊಂದಿಗೆ ನಾಲವಾರದಿಂದ ವಾಡಿಯವರೆಗೆ ಒಮ್ಮೆ ಕೇಳಿ ನೋಡಲಿ. ಅಂಗಡಿಯ ನಿಶ್ಶಬ್ದದಲ್ಲಿ ಎಲ್ಲವೂ ಇಂಪಾಗಿಯೇ ಇರುತ್ತವೆ. ಗಾಡಿ ಪೂರ್ಣ ವೇಗಕ್ಕೆ ಬಂದಾಗ ಮಾತಿನ ಪಾಠವೊಂದನ್ನು ಹಚ್ಚಿ, ಪದಗಳು ಸ್ಪಷ್ಟವಾಗಲು ಧ್ವನಿಯನ್ನು ಎಷ್ಟನೆಯ ಮೆಟ್ಟಿಲಿಗೆ ಏರಿಸಬೇಕಾಯಿತೆಂದು ಬರೆದಿಟ್ಟುಕೊಳ್ಳಲಿ. ಅದೇ ಫೋನು, ಅದೇ ಪಾಠ, ಅದೇ ಗಾಡಿ ಇದ್ದು ಬೇರೆ ಬೇರೆ ತುದಿಗಳನ್ನು ಹಾಕಿ ನೋಡಿದಾಗ ಯಾವುದರಲ್ಲಿ ಆ ಅಂಕೆ ಚಿಕ್ಕದೋ ಆ ತುದಿಯೇ ಅವರ ಕಿವಿಯದು.