ದಾರಿ ಯಾರದು?

ಬೇಸಗೆಯ ರಜೆಯಲ್ಲಿ ಹಿಮಾಲಯದ ಕಾಡುದಾರಿಗಳಲ್ಲಿ ನಡೆದು ಬರಬೇಕೆಂದು ನಮ್ಮ ಕಾಲೇಜಿನ ಕೆಲವು ತರುಣರು ನಿಶ್ಚಯಿಸಿದ್ದಾರೆ. ಮೊನ್ನೆ ಸಂಜೆ ಮನೆಗೆ ಬಂದು, ಎಂತಹ ಬೂಟು ಕೊಳ್ಳಬೇಕು, ಎಷ್ಟು ಉಣ್ಣೆಯ ಬಟ್ಟೆ ಒಯ್ಯಬೇಕು ಎಂದು ವಿಚಾರಿಸಿದರು. "ಅದನ್ನೆಲ್ಲ ಅಂಗಡಿಯವನೇ ಹೇಳಿಯಾನು. ಎದುರಿಗೆ ಕುದುರೆ ಬಂದರೆ ಏನು ಮಾಡುವಿರಿ?" ಎಂದೆ. ಮೇಷ್ಟರು ಜೈಮಿನಿ ಭಾರತದ ಪಾಠವನ್ನು ರಜೆಯಲ್ಲಿಯೂ ಬಿಡಲೊಲ್ಲರೆಂದುಕೊಂಡರೋ ಏನೋ, ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ನನ್ನ ಪ್ರಶ್ನೆಗೆ ಕಾರಣವಿತ್ತು. ೨೦೧೬ರ ಮೇ ತಿಂಗಳಿನಲ್ಲಿ ಗೆಳೆಯರಿಬ್ಬರೊಡನೆ ನಾನು ಗಢವಾಲದ ಚಮೋಲಿ ಜಿಲ್ಲೆಯ ವಾಣ್ ಎಂಬ ಹಳ್ಳಿಯಿಂದ ಬೇದಿನಿ ಬುಗ್ಯಾಲಿಗೆ ಹೋಗಿದ್ದೆ. ಬುಗ್ಯಾಲ್ ಎಂದರೆ ಎತ್ತರದ ಪರ್ವತಗಳ ಮೇಲಿನ ಹುಲ್ಲುಗಾವಲು. ಅಲ್ಲಿಗೆ ಏರುವ ಹಾದಿ ಓಕ್ ಮತ್ತು ಬುರಾಂಶ್ ಮರಗಳ ಕಾಡಿನೊಳಗೆ ಹಾದುಹೋಗುತ್ತದೆ. ಕುರಿ ಕಾಯುವವರಿಗೂ ಅದೇ ಹಾದಿ, ಡೇರೆ ಹೊತ್ತ ಹೇಸರಗತ್ತೆಗಳಿಗೂ ಅದೇ, ನಮ್ಮಂತಹ ಪಟ್ಟಣಿಗರಿಗೂ ಅದೇ.

ಅರ್ಧ ದಾರಿಯಲ್ಲಿ ಮಳೆ ಹನಿಯಿತು. ನಾನು ಕೊಡೆಯನ್ನು ಬಿಚ್ಚಿದೆ. ತಿರುವಿನಿಂದ ಇಳಿದು ಬರುತ್ತಿದ್ದ ಕುದುರೆಯೊಂದು, ಕರಿಯದೇನೋ ಎದುರಿಗೆ ಫಟ್ಟನೆ ಅರಳಿದುದನ್ನು ಕಂಡು ಮುಂಗಾಲುಗಳನ್ನೆತ್ತಿತು. ಅದರ ಮೇಲಿದ್ದ ವೃದ್ಧರು ಜೀನಿನಿಂದ ಜಾರಿ ಒಂದು ಮಗ್ಗುಲಿಗೆ ಜೋತುಬಿದ್ದರು. ಕೆಳಗೆ ಕಣಿವೆ! ಕುದುರೆಯವನು ಲಗಾಮನ್ನು ಹಿಡಿದು ಜಗ್ಗಿದ್ದರಿಂದ ಅನರ್ಥ ತಪ್ಪಿತು. ನಾನು ಕಲ್ಲಿನಂತೆ ನಿಂತುಬಿಟ್ಟಿದ್ದೆ. ಆತ ಬೈಯುವನೆಂದುಕೊಂಡೆ. ಬೈಯಲಿಲ್ಲ. ಕುದುರೆಯ ಕತ್ತನ್ನು ಸವರುತ್ತ, "ಬಾಬೂಜಿ, ಸುಮ್ಮನೆ ನಿಲ್ಲಬೇಡಿ, ಏನಾದರೂ ಮಾತನಾಡಿ. ನೀವು ಮನುಷ್ಯರೆಂಬುದು ಇದಕ್ಕೆ ತಿಳಿಯಲಿ" ಎಂದು ಹಿಂದಿಯಲ್ಲಿ ಹೇಳಿದ. ಭಾಷೆ ಕಲಿಸಿ ಹೊಟ್ಟೆ ಹೊರೆಯುವ ನನಗೆ ಮಾತಿನ ಈ ಪ್ರಯೋಜನ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆತನ ಮಾತಿನಲ್ಲಿ ಶಾಸ್ತ್ರವೇ ಇತ್ತು. ಕುದುರೆ ಹುಲ್ಲು ತಿನ್ನುವ ಪ್ರಾಣಿ. ಕಾಡುಮೃಗಗಳಿಂದ ಅದನ್ನು ಕಾಪಾಡಿದ್ದು ಓಟವೇ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲೂ ಬಹುಮಟ್ಟಿಗೆ ಕಾಣುತ್ತದೆ. ಕಾಣದಿರುವುದು ಮೂತಿಯ ನೇರ ಮುಂದಿನ ತುಸು ಜಾಗ ಮತ್ತು ಬಾಲದ ಹಿಂಬದಿ ಮಾತ್ರ. ಬೆನ್ನಮೇಲೆ ಗೂನಿನಂತಹ ಚೀಲ ಹೊತ್ತು, ಕೊಡೆ ಹಿಡಿದು, ಸದ್ದಿಲ್ಲದೆ ನಿಂತವನು ಅದರ ಪಾಲಿಗೆ ಮನುಷ್ಯನಲ್ಲ, ಹೊಂಚುಹಾಕಿದ ಮೃಗ. ಬಾಯಿ ತೆರೆದರೆ ಮನುಷ್ಯ!

ಅಮೆರಿಕದಲ್ಲಿ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು ೪,೨೬೫ ಕಿಲೋಮೀಟರುಗಳ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಕಾಡುದಾರಿಯಿದೆ. ಪಾದಚಾರಿಗಳೂ ಕುದುರೆ ಸವಾರರೂ ಅದನ್ನು ಹಂಚಿಕೊಂಡಿದ್ದಾರೆ. ಅಲ್ಲಿ ನಡೆಯುವವನೇ ಸರಿದು, ದನಿ ಮಾಡಿ, ಸಾಧ್ಯವಿದ್ದಲ್ಲಿ ಹಾದಿಯ ಕೆಳಮಗ್ಗುಲಿಗೆ ಇಳಿದು ನಿಲ್ಲುವುದು ರೂಢಿ. ಬೆದರಿದ ಕುದುರೆ ಇಳಿಜಾರಿಗೆ ಹಾರದೆ ಬೆಟ್ಟದ ಕಡೆಗೆ ಹಾರಲೆಂಬುದು ಉದ್ದೇಶ. ಆದರೆ ಅದೇ ದೇಶದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯಲ್ಲಿ ಹೇಸರಗತ್ತೆಗಳ ಸಾಲು ಬಂದಾಗ ಅಂಚನ್ನು ಬಿಟ್ಟು ಬೆಟ್ಟದ ಮಗ್ಗುಲಿಗೆ ನಿಲ್ಲಬೇಕು. ನಮ್ಮ ಹಿಮಾಲಯದಲ್ಲಿಯೂ ಹಾಗೆಯೇ. ಹೇರೊಂದು ತಾಗಿದರೆ ಸಾಕು, ಅಂಚಿನಲ್ಲಿ ನಿಂತವನು ಕಣಿವೆಯ ಪಾಲು. ನಿಯಮ ಎರಡಾದರೂ ಹಿಂದಿರುವ ಪ್ರಶ್ನೆ ಒಂದೇ: ಇಲ್ಲಿ ಬೀಳುವ ಭಯ ಯಾರಿಗೆ?

ಬೇದಿನಿಯಲ್ಲಿ ಎರಡು ರಾತ್ರಿ ಡೇರೆಯಲ್ಲಿದ್ದೆವು. ಮೂರನೆಯ ಬೆಳಿಗ್ಗೆ ನನ್ನ ಕಾಲು ಉಳುಕಿತು. ಕುದುರೆ ಕಂಡರೆ ಕಾಲುನೋವೆಂದು ಗೆಳೆಯರು ನಕ್ಕರು. ನಗಲಿ, ಇಳಿಯುವಾಗ ನಾನೂ ಸವಾರನಾದೆ. ಹಿಂದಕ್ಕೆ ಬಾಗಿ, ಜೀನನ್ನು ಬಿಗಿಹಿಡಿದು ಕುಳಿತವನಿಗೆ, ಎದುರು ಬರುವವರ ಪಟಪಟಿಸುವ ಮಳೆಯಂಗಿ ಒಂದೊಂದೂ ಆ ದಿನದ ಕೊಡೆಯಂತೆಯೇ ಕಂಡಿತು. ಆ ವೃದ್ಧರ ಮುಖ ನೆನಪಾಯಿತು. ಅಂದು ಅವರ ಕ್ಷಮೆ ಕೇಳುವುದಕ್ಕೂ ನನಗೆ ಮಾತು ಹೊರಟಿರಲಿಲ್ಲ.

ಮೇಲಿನಿಂದ ಹಿಂದಿರುಗಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಡೇರೆಗಳಿದ್ದೆಡೆಯಲ್ಲಿ ಹುಲ್ಲು ಹಳದಿಯಾಗಿ ಬಿದ್ದಿತ್ತು; ಕುದುರೆಗಳನ್ನು ಕಟ್ಟಿದ್ದೆಡೆ ನೆಲ ಕೆಸರಾಗಿತ್ತು. ಹುಲ್ಲು ಬೆದರಿ ಮುಂಗಾಲನ್ನೆತ್ತುವುದಿಲ್ಲ. ಆದ್ದರಿಂದ ನಾವು ಅದಕ್ಕೆ ದಾರಿ ಬಿಟ್ಟಿರಲಿಲ್ಲ. ೨೦೧೮ರ ಆಗಸ್ಟಿನಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯ ಬುಗ್ಯಾಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು. ಸುದ್ದಿ ಓದಿದಾಗ, ಅಪರಾಧಿಗಳ ಪಟ್ಟಿಯಲ್ಲಿ ನನ್ನ ಹೆಸರೂ ಇರಬೇಕಾಗಿತ್ತೆನ್ನಿಸಿತು. ಅಮೆರಿಕದ ಸವಾರರು ನೀರಿನಿಂದ ಸುಮಾರು ೬೦ ಮೀಟರು ದೂರದಲ್ಲಿ ಬೀಡುಬಿಡಬೇಕೆನ್ನುತ್ತಾರೆ. ಕುದುರೆಯನ್ನು ಮರದ ಬುಡಕ್ಕೆ ಕಟ್ಟದೆ, ಎರಡು ಮರಗಳಿಗೆ ಅಗಲವಾದ ಪಟ್ಟಿ ಸುತ್ತಿ, ನಡುವೆ ಎಳೆದ ಹಗ್ಗಕ್ಕೆ ಕಟ್ಟುತ್ತಾರೆ. ತೊಗಟೆ ಸವೆಯಬಾರದು, ಬೇರು ತುಳಿತಕ್ಕೆ ಸಿಕ್ಕಬಾರದು ಎಂಬ ಎಚ್ಚರ.

ಅಶ್ವಮೇಧದ ಕುದುರೆಗೆ ದಾರಿ ಬಿಟ್ಟ ಅರಸನು ಸೋತವನೆಂಬುದು ನಾನು ತರಗತಿಯಲ್ಲಿ ಹೇಳುವ ಪಾಠ. ಕಾಡುದಾರಿಯ ಪಾಠ ಬೇರೆ. ಇಲ್ಲಿ ದಾರಿ ಬಲವಿದ್ದವನದೂ ಅಲ್ಲ, ಮೊದಲು ಬಂದವನದೂ ಅಲ್ಲ. ಇನ್ನೊಬ್ಬರ ಅಂಜಿಕೆಯನ್ನು ಅರಿಯಬಲ್ಲವನೇ ಮೊದಲು ಸರಿದು ನಿಲ್ಲಬೇಕು. ಅರಿವೆಂಬ ಭಾಗ್ಯಕ್ಕೆ ತೆರಬೇಕಾದ ಸಣ್ಣ ಕಂದಾಯ ಅದು.

ಎಲ್ಲವನ್ನೂ ಕೇಳಿದ ತರುಣರಲ್ಲೊಬ್ಬ, "ಸಾರ್, ಅಲ್ಲಿಯ ಕುದುರೆಗೆ ಕನ್ನಡ ತಿಳಿಯುತ್ತದೆಯೇ?" ಎಂದ.

"ದನಿ ಮೆತ್ತಗಿದ್ದರೆ ತಿಳಿಯುತ್ತದಪ್ಪ" ಎಂದೆ. "ಆದರೆ ಕೊಡೆಯನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಹೋಗು."