ಸೌರ ವಿದ್ಯುತ್ತಿನ ಸಹಾಯಧನ ಯಾರ ಮನೆ ಸೇರಬೇಕು?

ಸೂರ್ಯನ ಬೆಳಕಿಗೆ ಬೆಲೆಯಿಲ್ಲ. ಆದರೆ ಅದನ್ನು ವಿದ್ಯುತ್ತಾಗಿ ಪರಿವರ್ತಿಸುವ ಫಲಕಕ್ಕೆ, ಇನ್ವರ್ಟರಿಗೆ, ಅವನ್ನು ನಿಲ್ಲಿಸುವ ಕಬ್ಬಿಣದ ಚೌಕಟ್ಟಿಗೆ ಬೆಲೆಯಿದೆ. ಆ ಬೆಲೆಯ ಒಂದು ಪಾಲನ್ನು ಸರಕಾರವು ಬೊಕ್ಕಸದಿಂದ ಭರಿಸಬೇಕೇ ಎಂಬ ಚರ್ಚೆ ನಡೆಯುತ್ತಲೇ ಇದೆ. ಬೊಕ್ಕಸವೆಂದರೆ ಆದಾಯ ತೆರಿಗೆ ಕಟ್ಟುವವರ ಹಣವೆಂದೇ ಹಲವರು ಭಾವಿಸುತ್ತಾರೆ. ಅಂಗಡಿಯಿಂದ ಬಿಸ್ಕತ್ತಿನ ಪೊಟ್ಟಣ, ಮಗನ ಕಾಲಿಗೆ ಚಪ್ಪಲಿ ಕೊಳ್ಳುವ ಬೀಡಿ ಕಾರ್ಮಿಕ ಮಹಿಳೆಯೂ ಜಿಎಸ್‌ಟಿಯ ರೂಪದಲ್ಲಿ ಆ ಬೊಕ್ಕಸಕ್ಕೆ ತನ್ನ ಪಾಲನ್ನು ಸಲ್ಲಿಸುತ್ತಾಳೆ ಎಂಬುದು ಅವರ ಗಮನಕ್ಕೆ ಬರುವುದಿಲ್ಲ. ಸಹಾಯಧನ ಬೇಕೆಂದೇ ನಾವು ಹೇಳುತ್ತೇವೆ. ಆದರೆ ಈಗ ನೀಡಲಾಗುತ್ತಿರುವ ರೀತಿಯಲ್ಲಿ ಅದು ಆ ಮಹಿಳೆಯ ಮನೆಯ ಹೊಸ್ತಿಲನ್ನು ದಾಟುವುದಿಲ್ಲ ಎಂಬುದು ನಮ್ಮ ತಕರಾರು.

ಬೇಕೆನ್ನಲು ಕಾರಣವನ್ನು ಮೊದಲು ಹೇಳಿಬಿಡೋಣ. ವಿದ್ಯುತ್ತು ಎಂದಿಗೂ ಕೇವಲ ಮಾರುಕಟ್ಟೆಯ ಕೂಸಾಗಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದು ಮೈಸೂರು ಸಂಸ್ಥಾನವು ಆ ಕಾರ್ಯಕ್ಕೆ ಕೈಹಾಕಿದ್ದರಿಂದ. ಶರಾವತಿಯ ಯೋಜನೆಯೂ ಸರಕಾರದ್ದೇ. ಅದಕ್ಕಾಗಿ ಮನೆಮಠ ಕಳಕೊಂಡವರ ಬೆಲೆಯನ್ನಂತೂ ಇಂದಿಗೂ ಯಾರೂ ಪೂರ್ತಿಯಾಗಿ ತೆತ್ತಿಲ್ಲ. ಸೌರ ವಿದ್ಯುತ್ತಿನ ಕಥೆಯೂ ಬೇರೆಯಲ್ಲ. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಆರಂಭವಾದಾಗ ಒಂದು ಯೂನಿಟ್‌ಗೆ ಸುಮಾರು 12 ರೂಪಾಯಿ ದರವಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿಯಿತು. ಈ ಇಳಿಕೆಯ ಹಿಂದೆ ಜರ್ಮನಿಯ ಸಾಮಾನ್ಯ ಕುಟುಂಬಗಳ ಹಣವೂ ಇದೆ. 2000ದಲ್ಲಿ ಆ ದೇಶವು ತಂದ ಕಾನೂನಿನಂತೆ, ನವೀಕರಿಸಬಹುದಾದ ಇಂಧನದ ಹೆಚ್ಚುವರಿ ವೆಚ್ಚವನ್ನು ಅಲ್ಲಿನ ಮನೆಗಳು 2022ರ ಜುಲೈವರೆಗೂ ತಮ್ಮ ಬಿಲ್ಲಿನಲ್ಲಿ ಕಟ್ಟುತ್ತಾ ಬಂದವು. ಬೇಡಿಕೆ ಬೆಳೆಯಿತು, ಕಾರ್ಖಾನೆಗಳು ಹೆಚ್ಚಿದವು, ಬೆಲೆ ಕುಸಿಯಿತು. ಲಾಭ ಕರ್ನಾಟಕಕ್ಕೂ ಬಂತು.

ಕಲ್ಲಿದ್ದಲಿನ ಗಣಿಯಿಲ್ಲದ ರಾಜ್ಯ ನಮ್ಮದು. ರಾಯಚೂರಿನ ಸ್ಥಾವರ ಉರಿಯಬೇಕಾದರೆ ಕಲ್ಲಿದ್ದಲು ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಮಲೆನಾಡಿನಲ್ಲಿ ಮಳೆ ಕೈಕೊಟ್ಟರೆ ಲಿಂಗನಮಕ್ಕಿ ಬರಿದಾಗುತ್ತದೆ. 2023ರ ಬರಗಾಲದಲ್ಲಿ ಲೋಡ್ ಶೆಡ್ಡಿಂಗ್‌ನ ಬಿಸಿ ರೈತರಿಗೂ ಪರೀಕ್ಷೆಗೆ ಓದುವ ಮಕ್ಕಳಿಗೂ ತಟ್ಟಿದ್ದನ್ನು ಮರೆಯಲಾಗದು.

ಬೆಲೆ ಇಷ್ಟು ಇಳಿದ ಮೇಲೂ ಸಹಾಯಧನ ಏಕೆ ಎಂದು ಕೇಳುವವರಿಗೆ ಉತ್ತರವಿದೆ. ಸೋಲಾರ್ ಹಾಕಿಸುವುದೆಂದರೆ ಇಪ್ಪತ್ತು ಇಪ್ಪತ್ತೈದು ವರ್ಷಗಳ ವಿದ್ಯುತ್ತನ್ನು ಒಂದೇ ದಿನ ಕೊಂಡಂತೆ. ಬಡವನಿಗೆ ತಿಂಗಳ ಬಿಲ್ಲಿಗಿಂತ ಆ ಒಂದು ದಿನ ಕಷ್ಟ. 1995ರಿಂದ ಕರ್ನಾಟಕದ ಬಡ ಮನೆಗಳಿಗೆ ಸೌರದೀಪ ತಲುಪಿಸುತ್ತಾ ಬಂದ ಸೆಲ್ಕೋ ಸಂಸ್ಥೆಯ ಹರೀಶ್ ಹಂದೆಯವರು, ತಿಂಗಳಿಗೆ ಮುನ್ನೂರು ಎಂದರೆ ಭಾರವೆನಿಸುವ ಬೀದಿಬದಿ ವ್ಯಾಪಾರಿಗೆ ದಿನಕ್ಕೆ ಹತ್ತು ಎಂದರೆ ಸಲೀಸೆನಿಸುತ್ತದೆ ಎಂಬ ಅನುಭವವನ್ನು ಹೇಳುತ್ತಾ ಬಂದಿದ್ದಾರೆ. ಲೆಕ್ಕ ಒಂದೇ, ಕೈಯಲ್ಲಿ ಹಣ ಇರುವ ಹೊತ್ತು ಬೇರೆ.

ಈಗ ಜಾರಿಯಲ್ಲಿರುವ ಯೋಜನೆಯನ್ನು ನೋಡೋಣ. 2024ರ ಫೆಬ್ರವರಿಯಲ್ಲಿ ಕೇಂದ್ರವು ಪಿಎಂ ಸೂರ್ಯ ಘರ್ ಯೋಜನೆಯನ್ನು ತಂದಿತು. ಗುರಿ ಒಂದು ಕೋಟಿ ಮನೆಗಳು; ಮೀಸಲಿಟ್ಟ ಮೊತ್ತ 75,021 ಕೋಟಿ ರೂಪಾಯಿ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000. ಉದಾರವಾದ ಮೊತ್ತವೇ ಸರಿ. ಆದರೆ ಈ ಹಣ ಕೈಗೆ ಬರುವುದು ಫಲಕ ಅಳವಡಿಸಿ, ಪರಿಶೀಲನೆ ಮುಗಿದ ನಂತರ. ಅದಕ್ಕೆ ಮುನ್ನ ಪೂರ್ತಿ ಹಣವನ್ನು ಹೊಂದಿಸಬೇಕು, ಇಲ್ಲವೇ ಬ್ಯಾಂಕಿನಿಂದ ಬಡ್ಡಿಗೆ ಸಾಲ ತರಬೇಕು. ಬಡ್ಡಿಯನ್ನು ಹರಾಮ್ ಎಂದು ದೂರವಿಡುವ ಕುಟುಂಬ ಅಲ್ಲಿಗೇ ನಿಲ್ಲುತ್ತದೆ. ಇನ್ನು, ತಾರಸಿ ಸ್ವಂತದ್ದಾಗಿರಬೇಕು. ಬಾಡಿಗೆ ಮನೆಯವನಿಗೆ, ಫಲಕದ ಭಾರ ತಾಳದ ತಗಡಿನ ಮಾಡಿನಡಿ ಬದುಕುವವನಿಗೆ ಸೂರ್ಯ ಉದಯಿಸಿಯೂ ಫಲವಿಲ್ಲ. ಮೀಟರು ಅರ್ಜಿದಾರನ ಹೆಸರಿನಲ್ಲಿರಬೇಕು ಎಂಬುದೂ ಒಂದು ತೊಡಕು. ಅಜ್ಜ ತೀರಿ ಇಪ್ಪತ್ತು ವರ್ಷ ಕಳೆದರೂ ಮೀರಾಸ್ ಪಾಲಾಗದೆ, ಮನೆಯೂ ಮೀಟರೂ ಅವರ ಹೆಸರಿನಲ್ಲೇ ಉಳಿದಿರುವ ಮನೆಗಳು ನಮ್ಮಲ್ಲಿ ಎಷ್ಟಿವೆ! ಅದಕ್ಕೆ ಮಾತ್ರ ಸರಕಾರವನ್ನು ದೂರುವಂತಿಲ್ಲ.

ಹೀಗೆ ಜರಡಿ ಹಿಡಿದು ನೋಡಿದರೆ, ಸ್ವಂತ ಆರ್‌ಸಿಸಿ ಮನೆಯೂ ಕೈಯಲ್ಲಿ ಲಕ್ಷ ರೂಪಾಯಿಯೂ ಇರುವವನೇ ಸುಲಭವಾಗಿ ಸಹಾಯಧನ ಪಡೆಯುತ್ತಾನೆ. ಅವನು ಪಡೆಯುವುದು ತಪ್ಪಲ್ಲ. ಅವನಲ್ಲಿಗೇ ಅದು ಮುಗಿದುಹೋಗುವುದು ಅನ್ಯಾಯ.

ಇಲ್ಲಿ ದ್ವಿತೀಯ ಖಲೀಫ ಉಮರ್(ರ)ರ ಆಡಳಿತದ ಒಂದು ಘಟನೆಯನ್ನು ನಾವು ಗಮನಿಸಬೇಕು. ಸಹೀಹುಲ್ ಬುಖಾರಿಯಲ್ಲಿ ವರದಿಯಾದ ಘಟನೆಯಿದು. ಸಾರ್ವಜನಿಕ ಒಡೆತನದ ಒಂಟೆ ಕುದುರೆಗಳಿಗಾಗಿ ಅವರು ಮೀಸಲಿಟ್ಟ ಹುಲ್ಲುಗಾವಲಿಗೆ, ಅಂದರೆ ಹಿಮಾಕ್ಕೆ, ಹುನೈ ಎಂಬವರನ್ನು ಮೇಲ್ವಿಚಾರಕರನ್ನಾಗಿ ನೇಮಿಸಿದರು. ನೇಮಿಸುವಾಗ ನೀಡಿದ ಸೂಚನೆಯ ತಾತ್ಪರ್ಯ ಹೀಗಿದೆ: ನಾಲ್ಕಾರು ಒಂಟೆ, ನಾಲ್ಕಾರು ಆಡು ಇರುವವನನ್ನು ಒಳಗೆ ಬಿಡಬೇಕು, ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮತ್ತು ಉಸ್ಮಾನ್ ಬಿನ್ ಅಫ್ಫಾನ್(ರ)ರ ಜಾನುವಾರುಗಳನ್ನು ಬಿಡಬಾರದು. ಆ ಇಬ್ಬರು ಎಂತಹ ಉನ್ನತ ಸಹಾಬಿಗಳೆಂಬುದನ್ನು ಓದುಗರಿಗೆ ಹೇಳಬೇಕಿಲ್ಲ. ಉಮರ್(ರ) ಕೊಟ್ಟ ಕಾರಣ ಶುದ್ಧ ಆಡಳಿತದ ಕಾರಣವಾಗಿತ್ತು. ಅವರ ಜಾನುವಾರು ಸತ್ತರೆ ಅವರಿಗೆ ಖರ್ಜೂರದ ತೋಟವಿದೆ, ಹೊಲವಿದೆ. ಬಡವನ ಆಡು ಸತ್ತರೆ ಅವನು ಮಕ್ಕಳನ್ನು ಕರಕೊಂಡು ಖಲೀಫರ ಬಾಗಿಲಿಗೇ ಬರುತ್ತಾನೆ. ಆಗ ಅವನಿಗೆ ಚಿನ್ನ ಬೆಳ್ಳಿ ಕೊಡಬೇಕಾಗುತ್ತದೆ. ಇಂದು ನೀರು ಹುಲ್ಲು ಕೊಡುವುದು ಅದಕ್ಕಿಂತ ಅಗ್ಗ.

ಈ ಕೊನೆಯ ಮಾತನ್ನು ನಮ್ಮ ಹಣಕಾಸು ಇಲಾಖೆ ಕಿವಿಗೊಟ್ಟು ಕೇಳಬೇಕೆಂದು ನಮಗೆ ಅನಿಸುತ್ತದೆ. 2023ರ ಆಗಸ್ಟ್‌ನಿಂದ ರಾಜ್ಯ ಸರಕಾರವು ಗೃಹಜ್ಯೋತಿಯ ಮೂಲಕ 200 ಯೂನಿಟ್‌ವರೆಗೆ ಮನೆಗಳ ಬಿಲ್ಲನ್ನು ತಾನೇ ಭರಿಸುತ್ತಿದೆ. ಬಾಡಿಗೆದಾರರನ್ನೂ ಸೇರಿಸಿಕೊಂಡದ್ದು ಅದರ ದೊಡ್ಡ ಗುಣ. ಆ ಮಟ್ಟಿಗೆ ಅದು ಕೇಂದ್ರದ ಯೋಜನೆಗಿಂತ ಬಡವನ ಮನೆಗೆ ಹತ್ತಿರ. ಆದರೆ ಬಿಲ್ಲು ಶೂನ್ಯವಾದ ಮನೆಗೆ ಸೋಲಾರ್ ಹಾಕಿಸುವ ಗರಜೇ ಇಲ್ಲ. ಒಂದು ಸರಕಾರ ಫಲಕಕ್ಕೆ ಹಣ ಕೊಡುತ್ತದೆ, ಇನ್ನೊಂದು ಸರಕಾರ ಫಲಕ ಬೇಡವಾಗುವಂತೆ ಮಾಡುತ್ತದೆ. ಎರಡು ಕಿಲೋವ್ಯಾಟ್ ಫಲಕವು ತಿಂಗಳಿಗೆ ಹೆಚ್ಚುಕಡಿಮೆ ಇನ್ನೂರು ಯೂನಿಟ್ ಕೊಡಬಲ್ಲದು. ತಿಂಗಳು ತಿಂಗಳೂ ನಗದು ತೆರುವುದಕ್ಕೆ ಬದಲಾಗಿ, ಆ ಹಣದ ಒಂದು ಪಾಲನ್ನು ಗೃಹಜ್ಯೋತಿಯ ಫಲಾನುಭವಿಗಳ ಹೆಸರಿನಲ್ಲೇ ಸೌರ ಘಟಕಗಳಿಗೆ ಹಾಕಿದರೆ, ಬಡವನ ಶೂನ್ಯ ಬಿಲ್ಲು ಮುಂದಿನ ಚುನಾವಣೆಯ ಮರ್ಜಿಗೆ ಕಾಯಬೇಕಿಲ್ಲ. ಚಿನ್ನ ಕೊಡುವ ಬದಲು ಹುಲ್ಲು ಕೊಟ್ಟಂತೆ.

ಘಟಕ ನಿಲ್ಲಿಸಲು ತಾರಸಿ ಎಲ್ಲಿಂದ? ಒಂದೆಡೆ ಉತ್ಪಾದನೆಯಾದ ವಿದ್ಯುತ್ತನ್ನು ಹಲವು ಮನೆಗಳ ಬಿಲ್ಲಿನಲ್ಲಿ ಹಂಚಿ ಕಳೆಯುವ ವರ್ಚುವಲ್ ನೆಟ್ ಮೀಟರಿಂಗ್ ಎಂಬ ವ್ಯವಸ್ಥೆಯಿದೆ. ದೆಹಲಿಯಲ್ಲಿ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಬಂದಿದೆ. ತಾರಸಿ ಇಲ್ಲದವನಿಗೆ ತನ್ನ ಪಾಲಿನ ಫಲಕ ಊರಾಚೆಯ ಶಾಲೆಯ ಮೇಲಿದ್ದರೂ ಸಾಕು. ಸಹಾಯಧನದ ದೊಡ್ಡ ಪಾಲು ಇಂತಹ ಹಂಚಿಕೆಯ ಘಟಕಗಳಿಗೆ ಹೋಗಬೇಕು. ಮಾಡಿದ್ದೂ ಹಣವಿಲ್ಲದವರಿಗೆ ಸೂರ್ಯ ಘರ್‌ನಲ್ಲೇ ಒಂದು ದಾರಿಯಿದೆ: ವಿದ್ಯುತ್ ಕಂಪನಿಯೇ ಮುಂದೆ ನಿಂತು ಫಲಕ ಹಾಕಿಸುವ ಮಾದರಿ. ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳು ಇದನ್ನು ಮನಸ್ಸಿಟ್ಟು ಕೈಗೆತ್ತಿಕೊಂಡರೆ ಬಡ್ಡಿಯ ಸಾಲದ ಪ್ರಶ್ನೆಯೇ ಏಳುವುದಿಲ್ಲ.

ಸಹಾಯಧನದ ವಿರೋಧಿಗಳು ಹೇಳುವ ಒಂದು ಮಾತನ್ನು ನಾವು ಒಪ್ಪುತ್ತೇವೆ. ಪುಕ್ಕಟೆ ಬಂದ ವಸ್ತುವಿಗೆ ಯಜಮಾನನಿರುವುದಿಲ್ಲ. ಬ್ಯಾಟರಿ ಸತ್ತ ಸೌರ ಬೀದಿದೀಪ ಯಾವ ಊರಿನಲ್ಲಿಲ್ಲ? ಆದ್ದರಿಂದ ಸಹಾಯಧನದ ಒಂದಂಶವನ್ನು ಅಳವಡಿಕೆಗೆ ಕೊಟ್ಟು, ಉಳಿದುದನ್ನು ಘಟಕವು ನಿಜವಾಗಿ ಕೊಟ್ಟ ಯೂನಿಟ್‌ಗಳ ಲೆಕ್ಕದಲ್ಲಿ ವರ್ಷ ವರ್ಷವೂ ಪಾವತಿಸಲಿ. ಆಗ ಗುತ್ತಿಗೆದಾರನು ಫಲಕದ ಧೂಳು ಒರೆಸಲು ತಾನಾಗಿ ಬರುತ್ತಾನೆ.

ಉಮರ್(ರ)ರ ಅದೇ ವರದಿಯಲ್ಲಿ ಇನ್ನೊಂದು ಅಂಶವಿದೆ. ಸಾಮಾನ್ಯವಾಗಿ ಅದನ್ನು ಯಾರೂ ಉಲ್ಲೇಖಿಸುವುದಿಲ್ಲ. ಹಿಮಾದ ನೆಲ ಅಲ್ಲಿನ ಜನರದ್ದೇ, ತಾವು ಅವರಿಗೆ ಅನ್ಯಾಯ ಮಾಡಿದೆವೆಂದು ಅವರು ಭಾವಿಸುತ್ತಿದ್ದಾರೆ ಎಂದು ಖಲೀಫರೇ ಒಪ್ಪಿ ನುಡಿಯುತ್ತಾರೆ. ಸಾರ್ವಜನಿಕ ಅಗತ್ಯವಿಲ್ಲದಿದ್ದರೆ ಒಂದು ಗೇಣು ನೆಲವನ್ನೂ ಮೀಸಲಿಡುತ್ತಿರಲಿಲ್ಲ ಎನ್ನುತ್ತಾರೆ. ಪಾವಗಡದ ಸೋಲಾರ್ ಪಾರ್ಕಿನ ಚರ್ಚೆಯಲ್ಲಿ ಈ ಎಚ್ಚರ ಬೇಕು. ತುಮಕೂರು ಜಿಲ್ಲೆಯ ಈ ಬರಪೀಡಿತ ತಾಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಘಟಕಗಳಿವೆ. ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಕಾಲಕಾಲಕ್ಕೆ ಏರಿಕೆಯೊಂದಿಗೆ, ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ಕ್ರಮ. ಆದರೆ ಗುತ್ತಿಗೆಯ ಹಣ ಪಹಣಿ ಇದ್ದವನಿಗೆ ಬಂತು. ಅವನ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವಳಿಗೆ, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಪಹಣಿ ಇರಲಿಲ್ಲ. ನಗರದಲ್ಲಿ ತಾರಸಿ ಇಲ್ಲದವನ ಕಥೆಯೇ ಹಳ್ಳಿಯಲ್ಲಿ ಭೂಮಿ ಇಲ್ಲದವನ ಕಥೆ. ಇಂತಹ ಪಾರ್ಕುಗಳಿಗೆ ಸರಕಾರ ನೆರವು ನೀಡುವಾಗ ಭೂರಹಿತರಿಗೂ ವರಮಾನದಲ್ಲಿ ಒಂದು ಪಾಲು ನಿಗದಿಯಾಗಬೇಕು.

ಮಸೀದಿ ಮದ್ರಸಗಳ ತಾರಸಿಗಳ ವಿಷಯವನ್ನೂ ಹೇಳಬೇಕು. ಸೂರ್ಯ ಘರ್‌ನ ಸಹಾಯಧನ ವಾಸದ ಮನೆಗಳಿಗೆ ಮಾತ್ರ, ಆರಾಧನಾಲಯಗಳಿಗೆ ಇಲ್ಲ. ಆದರೆ ಹಂಚಿಕೆಯ ವ್ಯವಸ್ಥೆ ಚೆನ್ನಾಗಿ ಬೇರೂರಿದರೆ, ವರ್ಷವಿಡೀ ಬಿಸಿಲು ಕಾಯುವ ಆ ವಿಶಾಲ ತಾರಸಿಯಿಂದ ಮೊಹಲ್ಲಾದ ಹತ್ತು ಬಾಡಿಗೆ ಮನೆಗಳ ಬಿಲ್ಲು ಕಳೆಯಬಹುದು. ಆ ಮನೆಗಳಲ್ಲಿ ವಾಸಿಸುವವರು ಯಾವ ಧರ್ಮದವರೆಂದು ಕೇಳಬೇಕಾಗಿಲ್ಲ. ವಿದ್ಯುತ್ ದರ ನಿಗದಿಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಕರೆಯುತ್ತದೆ, ವಿಚಾರಣೆ ನಡೆಸುತ್ತದೆ. ಕೈಗಾರಿಕೆಗಳ ಪ್ರತಿನಿಧಿಗಳು ಕಡತ ಹಿಡಿದು ಹೋಗುತ್ತಾರೆ, ರೈತ ಸಂಘದವರೂ ಹೋಗುತ್ತಾರೆ. ನಮ್ಮ ಜಮಾಅತ್ ಸಮಿತಿಗಳು ಇಂತಹ ವಿಚಾರಣೆಗೆ ಹೋದದ್ದನ್ನು ನಾವು ಕಂಡಿಲ್ಲ. ಬಾಡಿಗೆದಾರನಿಗೂ ಸೌರ ವಿದ್ಯುತ್ತಿನ ಪಾಲು ಬೇಕೆಂದು ಒಂದು ಪುಟದ ಅಹವಾಲು ಬರೆಯಲು ವಕೀಲರ ಅಗತ್ಯವಿಲ್ಲ.