ದಿನಾಚರಣೆಯಿಂದ ದಿನಚರಿಗೆ

ಮುಂಗಾರಿನ ಮೊದಲ ಮೋಡಗಳು ಘಟ್ಟದ ನೆತ್ತಿಯನ್ನು ಮುಟ್ಟುವ ಹೊತ್ತಿಗೆ ನಮ್ಮ ಪ್ರೌಢಶಾಲೆಗಳು ಮತ್ತೆ ಬಾಗಿಲು ತೆರೆಯುತ್ತವೆ. ಅದರ ಬೆನ್ನಿಗೇ ಜೂನ್ 5 ಬರುತ್ತದೆ. ಭಾಷಣವಾಗುತ್ತದೆ, ಚಿತ್ರಕಲಾ ಸ್ಪರ್ಧೆಯಾಗುತ್ತದೆ, ಅತಿಥಿಗಳು ಸಸಿಯೊಂದರ ಬುಡಕ್ಕೆ ಮಣ್ಣು ಹಾಕುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮುಂದಿನ ವರ್ಷ ಅದೇ ಗುಂಡಿಗೆ ಮತ್ತೊಂದು ಸಸಿ ಬರುತ್ತದೆ. ಸಭೆಯ ಕೊನೆಯಲ್ಲಿ ಹಂಚಿದ ಬಿಸ್ಕತ್ತಿನ ಹೊದಿಕೆ ಶಾಲೆಯ ಹಿಂದಿನ ಹಳ್ಳವನ್ನು ಸೇರುತ್ತದೆ. ಯಾರನ್ನೂ ಹಂಗಿಸಲು ಈ ಮಾತು ಹೇಳುತ್ತಿಲ್ಲ. ನಮ್ಮ ಬಳಗದವರೂ ಇಂಥ ಸಭೆಗಳಿಗೆ ಹೋಗಿ ಮಣ್ಣು ಹಾಕಿ ಬಂದವರೇ. ಆದ್ದರಿಂದ ಈ ಪ್ರಶ್ನೆ ನಮಗೂ ಸೇರಿದ್ದು: ವರ್ಷಕ್ಕೊಮ್ಮೆ ಬರುವ ದಿನಾಚರಣೆ ವಿದ್ಯಾರ್ಥಿಯ ದಿನಚರಿಯನ್ನು ಏಕೆ ಮುಟ್ಟಲಿಲ್ಲ?

ಪಾಠದ ಕೊರತೆಯಂತೂ ಕಾರಣವಲ್ಲ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ತರುವಾಯ ವಿಶ್ವ ಪರಿಸರ ದಿನ ರೂಢಿಗೆ ಬಂತು. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಹೇಳಿತು. 2003ರಲ್ಲಿ ಶಾಲೆಯ ಎಲ್ಲ ತರಗತಿಗಳಿಗೂ ಪಠ್ಯಕ್ರಮ ಸಿದ್ಧಪಡಿಸುವಂತೆ ಮತ್ತೆ ಸೂಚಿಸಿತು. ಈ ಎರಡರ ನಡುವೆ, 2001-02ರಲ್ಲಿ, ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲಾ ಪರಿಸರ ಸಂಘಗಳು ಆರಂಭವಾದವು. ಓಝೋನ್ ಪದರವೆಂದರೇನು ಎಂದು ಕೇಳಿದರೆ ಇಂದಿನ ಒಂಬತ್ತನೆಯ ತರಗತಿಯ ಹುಡುಗಿ ತಡವರಿಸದೆ ಉತ್ತರಿಸುತ್ತಾಳೆ. ಆದರೆ ಶಾಲೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಆ ಮೂಲದಲ್ಲಿ ಏಪ್ರಿಲ್ ತಿಂಗಳಲ್ಲಿ ಎಷ್ಟು ನೀರಿರುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾಳೆ. ತಪ್ಪು ಅವಳದಲ್ಲ. ಅಂಕವಿರುವ ಪ್ರಶ್ನೆಯನ್ನಷ್ಟೇ ನಾವು ಅವಳಿಗೆ ಕಲಿಸಿದ್ದೇವೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ದಿನಕ್ಕೆ ನಾಲ್ಕೈದು ಕಿಲೋಮೀಟರು ನಡೆದು ಶಾಲೆಗೆ ಬರುವ, ಅಣ್ಣನ ಪುಸ್ತಕವನ್ನೇ ಓದುವ, ಬಾವಿಯಿಂದ ನೀರು ಸೇದುವ ಮಗುವಿಗೆ ಮಿತವ್ಯಯದ ಉಪದೇಶ ಬೇಕಿಲ್ಲ. ಭೂಮಿಗೆ ಅತ್ಯಂತ ಹಗುರವಾಗಿ ಬದುಕುತ್ತಿರುವವರಲ್ಲಿ ಆ ಮಗುವೂ ಒಂದು. ಆದರೆ ಕಾಲ ನಮ್ಮ ಹಳ್ಳಿಗಳಲ್ಲಿಯೂ ಬದಲಾಗಿದೆ. ತಿಂಡಿಯ ಡಬ್ಬಿಯ ಜಾಗಕ್ಕೆ ಪೊಟ್ಟಣ ಬಂದಿದೆ, ಶಾಯಿ ಪೆನ್ನಿನ ಜಾಗಕ್ಕೆ ಬಳಸಿ ಎಸೆಯುವ ಪೆನ್ನು ಬಂದಿದೆ. ಹಳೆಯ ಬದುಕಿನಲ್ಲಿದ್ದ ಒಳ್ಳೆಯ ಕ್ರಮಗಳು ಬಡತನದ ಗುರುತೆಂದು ತೋರಿ ನಾಚಿಕೆಗೆ ಕಾರಣವಾಗಿವೆ. ಇಂಥ ಹೊತ್ತಿನಲ್ಲಿ ವಿದ್ಯಾರ್ಥಿ ಮಿತ್ರರಿಗೆ ನಾವು ಸೂಚಿಸುವುದು ಒಂದೇ ಕೆಲಸ: ಲೆಕ್ಕ ಇಡಿ. ನಿಮ್ಮ ಶಾಲೆ, ನಿಮ್ಮ ಮನೆ ಪ್ರಕೃತಿಯಿಂದ ಏನು ಪಡೆಯುತ್ತವೆ, ಏನು ಎಸೆಯುತ್ತವೆ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆಯಿರಿ.

ಮೊದಲು ನೀರಿನ ಲೆಕ್ಕ. ಒಂದು ಚದರ ಮೀಟರು ಚಾವಣಿಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಶಾಲೆಯ ಮಾಡು 200 ಚದರ ಮೀಟರು ಇದ್ದು, ವರ್ಷಕ್ಕೆ 3,000 ಮಿಲಿಮೀಟರು ಮಳೆ ಸುರಿದರೆ ಆ ಮಾಡಿನಿಂದ ಇಳಿಯುವ ನೀರು 6 ಲಕ್ಷ ಲೀಟರು. ಇಷ್ಟು ಮಳೆ ಕಂಡ ಊರಿನ ಶಾಲೆಗೆ ಮಾರ್ಚ್ ತಿಂಗಳಲ್ಲಿ ಟ್ಯಾಂಕರ್ ಬರುವುದೆಂದರೆ ಅದು ನಾಚಿಕೆಯ ವಿಷಯ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಮಾಡಿನ ನೀರನ್ನು ತೊಟ್ಟಿಗೆ, ಬಾವಿಗೆ ತಿರುಗಿಸುವುದು ಸಾಧ್ಯವೇ ಎಂದು ಗುರುಗಳೊಂದಿಗೆ ಕೂಡಿ ನೋಡಿ. ಇಂಗುಗುಂಡಿಯ ಉತ್ಸಾಹದಲ್ಲಿ ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಕಡಿದಾದ ಇಳಿಜಾರಿನಲ್ಲಿ, ಗುಡ್ಡ ಕಡಿದು ಮಾಡಿದ ಮೈದಾನದ ಅಂಚಿನಲ್ಲಿ ನೀರು ಇಂಗಿಸುವುದು ಅಪಾಯ. 2018ರಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಮತ್ತು ವಯನಾಡಿನಲ್ಲಿ ಗುಡ್ಡಗಳು ಹೇಗೆ ಜಾರಿದವೆಂಬುದನ್ನು ಕಂಡ ನಾವು ಇದನ್ನು ಹೇಳದಿರಲಾಗದು. ಇನ್ನು ಸೋರುವ ನಲ್ಲಿ: ಕ್ಷಣಕ್ಕೊಂದು ಹನಿಯಂತೆ ತೊಟ್ಟಿಕ್ಕಿದರೆ ದಿನಕ್ಕೆ 86,400 ಹನಿ, ಅಂದರೆ ಸುಮಾರು ನಾಲ್ಕು ಲೀಟರು. ಒಂದು ವಾಷರಿನ ಬೆಲೆಯಲ್ಲಿ ನಿಲ್ಲುವ ನಷ್ಟವದು.

ಎರಡನೆಯದು ಕಾಗದ ಮತ್ತು ಲೇಖನಿ. 1950ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ಕಾಗದ ತಯಾರಿಕೆ ಆರಂಭವಾದಾಗ ಅದಕ್ಕೆ ಒದಗಿದ್ದು ಉತ್ತರ ಕನ್ನಡದ ಬಿದಿರು. ಭದ್ರಾವತಿಯ ಕಾಗದ ಕಾರ್ಖಾನೆಗಾಗಿ ಶಿವಮೊಗ್ಗ ಸೀಮೆಯ ಬೆಟ್ಟಗಳಲ್ಲಿ ಅಕೇಶಿಯಾ, ನೀಲಗಿರಿ ನೆಡುತೋಪುಗಳೆದ್ದವು. 2015ರ ಹೊತ್ತಿಗೆ ಆ ಕಾರ್ಖಾನೆಯ ಯಂತ್ರಗಳು ನಿಂತವು. ದನಕ್ಕೆ ಮೇವನ್ನಾಗಲಿ ಮಂಗಕ್ಕೆ ಹಣ್ಣನ್ನಾಗಲಿ ಕೊಡದ ನೆಡುತೋಪುಗಳು ಮಾತ್ರ ಉಳಿದವು. ನೋಟುಪುಸ್ತಕದ ಖಾಲಿ ಹಾಳೆಗೂ ನಮ್ಮ ಬೆಟ್ಟಕ್ಕೂ ಇರುವ ನಂಟು ಅಷ್ಟು ಹತ್ತಿರದ್ದು. ವರ್ಷದ ಕೊನೆಗೆ ಉಳಿದ ಹಾಳೆಗಳನ್ನು ಕಿತ್ತು, ಹೊಲಿದು, ಮುಂದಿನ ವರ್ಷದ ಕಚ್ಚಾ ಪುಸ್ತಕ ಮಾಡಿಕೊಳ್ಳುವ ಪದ್ಧತಿ ನಿಮ್ಮ ತಂದೆ ತಾಯಿಯರ ಕಾಲದಲ್ಲಿತ್ತು. ಅದನ್ನು ಮರಳಿ ತನ್ನಿ. ಪೆನ್ನಿನ ಲೆಕ್ಕವನ್ನೂ ನೋಡಿ. 200 ಮಕ್ಕಳ ಶಾಲೆಯಲ್ಲಿ ಪ್ರತಿಯೊಬ್ಬರೂ ತಿಂಗಳಿಗೆ ಎರಡು ಪೆನ್ನು ಎಸೆದರೆ ಹತ್ತು ತಿಂಗಳಿಗೆ 4,000 ಪ್ಲಾಸ್ಟಿಕ್ ಕೊಳವೆಗಳು. ನಿಮ್ಮ ಶಾಲೆಯ ನಿಜ ಸಂಖ್ಯೆ ಎಷ್ಟೆಂದು ಒಂದು ತಿಂಗಳು ಎಣಿಸಿ ನೋಡಿ. ಶಾಯಿ ಪೆನ್ನು, ತಪ್ಪಿದರೆ ಕಡ್ಡಿ ಬದಲಿಸುವ ಪೆನ್ನು, ಈ ರಾಶಿಯನ್ನು ಬಹುಪಾಲು ಇಲ್ಲವಾಗಿಸುತ್ತದೆ.

ಮೂರನೆಯದು ಒಲೆಗೆ ಹೋಗುವ ಪ್ಲಾಸ್ಟಿಕ್. ಪೇಟೆಯವರು ಅರಿಯದ, ನಾವೆಲ್ಲರೂ ಬಲ್ಲ ಸಂಗತಿಯಿದು. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾದಾಗ ಬಚ್ಚಲೊಲೆಗೆ ಬೆಂಕಿ ಹಿಡಿಸಲು ಹಾಲಿನ ತೊಟ್ಟೆ, ಎಣ್ಣೆಯ ತೊಟ್ಟೆ, ತಿಂಡಿಯ ಪೊಟ್ಟಣ ಎಲ್ಲವೂ ಒಲೆಯ ಬಾಯಿಗೆ ಹೋಗುತ್ತವೆ. ಕಸವೂ ಮುಗಿಯಿತು, ಬೆಂಕಿಯೂ ಹತ್ತಿತು ಎಂಬ ಸಮಾಧಾನ ನಮ್ಮದು. ಪ್ಲಾಸ್ಟಿಕ್ಕಿನ ಹೊಗೆ ವಿಷ; ಪಿವಿಸಿಯಂಥದು ಸುಟ್ಟರೆ ಡಯಾಕ್ಸಿನ್‌ಗಳಂಥ ಘೋರ ವಿಷಗಳೂ ಹುಟ್ಟುತ್ತವೆ. ಆ ಹೊಗೆಯನ್ನು ಮೊದಲು ಉಸಿರಾಡುವವರು ಒಲೆ ಊದುವ ತಾಯಿ, ಅಜ್ಜಿ. ಬೂದಿ ಹೋಗುವುದು ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ. ಒಣಗಿಸಿ ಇಟ್ಟ ಅಡಿಕೆ ಸಿಪ್ಪೆ, ಗರಟ, ತೆಂಗಿನ ಸೋಗೆ ಇರುವ ನಾಡಿನಲ್ಲಿ ಒಲೆಗೆ ಪ್ಲಾಸ್ಟಿಕ್ ಬೇಕೆಂಬುದು ಸೋಮಾರಿತನವಷ್ಟೇ. ಈ ಒಂದು ರೂಢಿಯನ್ನು ಮನೆಯಲ್ಲಿ ನಿಲ್ಲಿಸಬಲ್ಲವರು ವಿದ್ಯಾರ್ಥಿಗಳೇ. ತೊಟ್ಟೆಗಳನ್ನು ತೊಳೆದು ಒಣಗಿಸಿ ಚೀಲದಲ್ಲಿ ಕೂಡಿಡಿ. ಗ್ರಾಮ ಪಂಚಾಯಿತಿಯ ಕಸದ ಘಟಕಕ್ಕೆ ಒಪ್ಪಿಸಿ. ಘಟಕ ನಡೆಯುತ್ತಿಲ್ಲವಾದರೆ ಏಕೆಂದು ಕೇಳಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಆದರೆ ಚಿಪ್ಸಿನ ಪೊಟ್ಟಣ ಆ ಪಟ್ಟಿಯಲ್ಲಿ ಸೇರಲಿಲ್ಲ. ಕಾನೂನು ಬಿಟ್ಟುದನ್ನು ನಾವೇ ಬಿಡಬಹುದಲ್ಲವೇ? ಹಲಸಿನ ಹಪ್ಪಳಕ್ಕೂ ಹುರಿಗಡಲೆಗೂ ಡಬ್ಬಿ ಸಾಕು.

ನಾಲ್ಕನೆಯದು ವಿದ್ಯುತ್ತು. ಕೊಟ್ಟಿಗೆಯಲ್ಲೋ ಬಚ್ಚಲಲ್ಲೋ 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ ಸುಮಾರು 110 ಯೂನಿಟ್. ಅದೇ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಇದ್ದರೆ ಹದಿನಾರೋ ಹದಿನೇಳೋ ಯೂನಿಟ್ ಸಾಕು. ಇದು ಹಣದ ಉಳಿತಾಯದ ಮಾತು ಮಾತ್ರವಲ್ಲ. ನಾಡಿನ ವಿದ್ಯುತ್ತಿನ ಬೇಡಿಕೆ ಏರಿದಾಗಲೆಲ್ಲ ಯೋಜಕರ ಬೆರಳು ನಮ್ಮ ಕಣಿವೆಗಳತ್ತ ತಿರುಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮುಳುಗಿದ ಊರುಗಳ ಹೆಸರನ್ನು ಇಂದಿಗೂ ನೆನೆಯುವ ಹಿರಿಯರು ನಮ್ಮ ನಡುವೆ ಇದ್ದಾರೆ. ಅದೇ ಕಣಿವೆಯ ಸಿಂಗಳೀಕಗಳ ಕಾಡಿನಲ್ಲಿ 2,000 ಮೆಗಾವ್ಯಾಟಿನ ಭೂಗರ್ಭ ವಿದ್ಯುದಾಗಾರದ ಪ್ರಸ್ತಾವವೂ ಬಂದಿದೆ. ಅದನ್ನು ಪ್ರಶ್ನಿಸುವ ನಾವು ನಮ್ಮ ಮನೆಯ ಸ್ವಿಚ್ಚಿನ ಲೆಕ್ಕವನ್ನೂ ಕೊಡಬಲ್ಲವರಾಗಿರಬೇಕು.

ಇನ್ನು ಸಸಿಯ ವಿಷಯ. ದಿನಾಚರಣೆಯ ಸಸಿ ಸಾಯುವುದು ಅದಕ್ಕೆ ಮನೆಯವರಿಲ್ಲದ ಕಾರಣ. ಹಲಸು, ಮಾವು, ನೇರಳೆ, ರಾಮಪತ್ರೆಗಳ ಬೀಜಗಳನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಮೊಳೆಯುವ ಶಕ್ತಿ ಬೇಗನೆ ಕುಂದುತ್ತದೆ. ಹಣ್ಣು ಸಿಕ್ಕ ವಾರದಲ್ಲಿಯೇ ಮಣ್ಣಿಗಿಡಬೇಕು. ಈ ಹಣ್ಣುಗಳಲ್ಲಿ ಹೆಚ್ಚಿನವು ಸಿಗುವುದು ಶಾಲೆ ತೆರೆಯುವ ದಿನಗಳ ಆಸುಪಾಸಿನಲ್ಲಿ. ಎಂಟನೆಯ ತರಗತಿಯವರು ಹಾಲಿನ ಖಾಲಿ ತೊಟ್ಟೆಗಳಲ್ಲಿ ಬೀಜವಿಟ್ಟು ಸಸಿ ಬೆಳೆಸಲಿ. ಅವರೇ ಒಂಬತ್ತಕ್ಕೆ ಬಂದಾಗ ಜೂನ್ ತಿಂಗಳ ಹದ ನೋಡಿ ನೆಟ್ಟು ಬೇಲಿ ಕಟ್ಟಲಿ. ಹತ್ತನೆಯ ತರಗತಿಯ ಬೇಸಿಗೆಯಲ್ಲಿ ನೀರುಣಿಸಿ, ಬೆಂಕಿ ಬೀಳದಂತೆ ಸುತ್ತ ದರಗು ಸರಿಸಿ ಕಾಯಲಿ. ಸಸಿಯೊಂದು ತನ್ನ ಕಾಲ ಮೇಲೆ ನಿಲ್ಲಲು ಬೇಕಾದಷ್ಟು ಕಾಲವೇ ಪ್ರೌಢಶಾಲೆಯ ಮೂರು ವರ್ಷ. ನೂರು ಸಸಿ ನೆಟ್ಟ ಶಾಲೆಗಿಂತ ಹತ್ತು ಸಸಿ ಉಳಿಸಿದ ಶಾಲೆ ದೊಡ್ಡದು.

ಇಲ್ಲಿ ಓದುಗರೊಬ್ಬರು ಕೇಳಬಹುದು: ಗಣಿ, ಹೆದ್ದಾರಿ, ಅಣೆಕಟ್ಟುಗಳು ಬೆಟ್ಟಗಳನ್ನೇ ಕರಗಿಸುತ್ತಿರುವಾಗ ಮಕ್ಕಳಿಗೆ ಪೆನ್ನಿನ ಲೆಕ್ಕ ಹೇಳುವುದು ನ್ಯಾಯವೇ? ಪ್ರಶ್ನೆ ಸರಿಯಾಗಿದೆ. ದೊಡ್ಡವರ ತಪ್ಪಿಗೆ ಮಕ್ಕಳ ಮಿತವ್ಯಯ ಪ್ರಾಯಶ್ಚಿತ್ತವಾಗಲಾರದು. ನಾವು ಲೆಕ್ಕದ ಮಾತು ಆಡುತ್ತಿರುವುದು ಬೇರೆ ಕಾರಣಕ್ಕೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಅವರ ಮುಂಚೂಣಿಯಲ್ಲಿದ್ದವರು ಊರಿನ ಯುವಕರು. ಗುರುತು ಹಾಕಿದ ಮರದ ಜೊತೆಗೆ ಗುರುತಿಲ್ಲದ ಎಷ್ಟೋ ಮರಗಳು ಮುರಿದು ಬೀಳುವುದನ್ನು ಅವರು ಕಣ್ಣಾರೆ ಕಂಡಿದ್ದರು. ಆ ಕಾಡು ಅವರಿಗೆ ದಿನನಿತ್ಯದ ಪರಿಚಯದ್ದಾಗಿತ್ತು. ಅವರ ಮಾತಿಗೆ ಬಲ ಬಂದದ್ದು ಅಲ್ಲಿಂದ. ತನ್ನ ಹಳ್ಳದ ನೀರನ್ನು ಮೂರು ವರ್ಷ ಅಳೆದ ವಿದ್ಯಾರ್ಥಿಗೆ ಅಂಥದೇ ಬಲ ಬರುತ್ತದೆ.

ಆ ಮಾತನ್ನು ಆಡಲು ವೇದಿಕೆಯೂ ಇದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಎಷ್ಟೋ ಕಡೆ ಅದು ಸ್ವಾಗತ, ವಂದನಾರ್ಪಣೆ ಮತ್ತು ಛಾಯಾಚಿತ್ರದಲ್ಲಿ ಮುಗಿಯುತ್ತದೆ. ಈ ವರ್ಷ ನಿಮ್ಮ ಲೆಕ್ಕದ ಪುಸ್ತಕವನ್ನು ಅಲ್ಲಿಗೆ ಒಯ್ಯಿರಿ. ಶಾಲೆಯ ಬಾವಿ ಯಾವ ದಿನ ಬತ್ತಿತು, ಕಸದ ಗಾಡಿ ಎಷ್ಟು ವಾರ ಬರಲಿಲ್ಲ, ಹಳ್ಳದ ದಂಡೆಯಲ್ಲಿ ಕಸ ಸುರಿಯುವವರು ಎಲ್ಲಿಂದ ಬರುತ್ತಾರೆ ಎಂಬುದನ್ನು ದಿನಾಂಕ ಸಹಿತ ಓದಿ. ನಮ್ಮ ಮಕ್ಕಳು ಕೇಳುತ್ತಿದ್ದಾರೆ ಎಂಬ ಕಾರಣಕ್ಕೆ ಕಿವಿ ತೆರೆಯುವ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ.

ಪೋಷಕರಲ್ಲಿಯೂ ಗುರುಗಳಲ್ಲಿಯೂ ನಮ್ಮ ವಿನಂತಿ ಇಷ್ಟೇ. ಮಗು ಬರೆದ ಲೆಕ್ಕವನ್ನು ನೋಡಿ ನಗಬೇಡಿ. ಅದಕ್ಕೆ ಅಂಕವನ್ನೂ ಕೊಡಬೇಡಿ. ಮನೆಯ ಒಲೆಗೆ ಬೀಳುವ ತೊಟ್ಟೆಯನ್ನು ಮಗಳು ತಡೆದಾಗ ಅವಳ ಮಾತನ್ನು ನಡೆಸಿಕೊಡಿ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಲ್ಲಿ ಅನೇಕರು ಇನ್ನು ಕೆಲವೇ ವರ್ಷಗಳಲ್ಲಿ ಓದಿಗೆಂದು, ಕೆಲಸಕ್ಕೆಂದು ಊರು ಬಿಡುತ್ತಾರೆ. ಊರಿನ ಬಾವಿ, ಬೆಟ್ಟ, ಹಳ್ಳಗಳ ಪರಿಚಯವಾಗುವ ಮೊದಲೇ ಅವರು ಹೊರಟುಹೋದರೆ, ನಾಳೆ ಅವುಗಳ ಪರವಾಗಿ ಮಾತನಾಡುವವರು ಯಾರೂ ಉಳಿಯುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಮೊದಲ ಪುಟವನ್ನು ಇಂದೇ ಬರೆಯಿರಿ: ನಮ್ಮ ಶಾಲೆಯ ನೀರು ಎಲ್ಲಿಂದ ಬರುತ್ತದೆ? ಉತ್ತರ ಹುಡುಕಲು ಒಂದು ಭಾನುವಾರ ಸಾಕು. ಕಂಡದ್ದನ್ನು ನಮಗೂ ಬರೆದು ಕಳುಹಿಸಿ. ಈ ಪತ್ರಿಕೆಯ ಒಂದು ಪುಟ ಇನ್ನು ಮುಂದೆ ನಿಮ್ಮ ಲೆಕ್ಕಗಳಿಗಾಗಿ ಮೀಸಲು.